ನಿಮಗಿದು ಗೊತ್ತೆ? ನಶೆಯ ಸುತ್ತ ಹೆಣೆದ ಸುಳ್ಳುಗಳು

● ‘ತಂಬಾಕಿಲ್ಲದ ಅಡಿಕೆ ಚೀಟಿಯಿಂದ ಏನೂ ಆಗೋದಿಲ್ಲ’: ತಪ್ಪು. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲೇ ಸಾರಿದೆ. ಸದಾ ಅಗಿಯುವವರ ಕೆನ್ನೆಯ ಒಳಪದರ ಬಿಗಿದು, ರೊಟ್ಟಿಯ ತುತ್ತಿಗೂ ಬಾಯಿ ತೆರೆಯದಂತಾಗಬಹುದು.

● ‘ಗುಟ್ಕಾ ನಿಷೇಧವಾದ ಮೇಲೆ ಚಿಂತೆಯಿಲ್ಲ’: ಕರ್ನಾಟಕ 2013ರಲ್ಲೇ ನಿಷೇಧಿಸಿತು. ಆದರೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಂಡು ಅಂಗೈಯಲ್ಲಿ ಬೆರೆಸಿದರೆ ಅದೂ ಗುಟ್ಕಾವೇ.

● ‘ಗಾಂಜಾ ಗಿಡಮೂಲಿಕೆ, ಚಟ ಹತ್ತದು’: ಸೇದುವ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಚಟ ಅಂಟುತ್ತದೆ. ಹರೆಯದಲ್ಲೇ ಶುರು ಮಾಡಿದವರಿಗೆ ಅಪಾಯ ಇನ್ನೂ ಹೆಚ್ಚು.

● ‘ಕುಡಿದರೆ ಮೈ ಬೆಚ್ಚಗಾಗುತ್ತದೆ’: ಚರ್ಮದ ರಕ್ತನಾಳ ಹಿಗ್ಗಿ ಬಿಸಿ ಎನಿಸುತ್ತದೆ, ಅಷ್ಟೆ. ಒಳಗಿನ ಕಾವು ಹೊರಹೋಗಿ ದೇಹ ತಣ್ಣಗಾಗುತ್ತದೆ.

● ‘ತಣ್ಣೀರು ಸುರಿದರೆ, ಚಹಾ ಕುಡಿಸಿದರೆ ಅಮಲು ಇಳಿಯುತ್ತದೆ’: ಇಲ್ಲ. ಮದ್ಯವನ್ನು ಕರಗಿಸುವುದು ಮುಖ್ಯವಾಗಿ ಯಕೃತ್ತು, ಅದೂ ತನ್ನದೇ ವೇಗದಲ್ಲಿ. ಪ್ರಜ್ಞೆ ತಪ್ಪಿದವರನ್ನು ಮಗ್ಗುಲಾಗಿ ಮಲಗಿಸಿ, ಕೂಡಲೇ 108ಕ್ಕೆ ಕರೆ ಮಾಡಿ.

● ನಮ್ಮ ಸೀಮೆಯ ಹೆಮ್ಮೆ: ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ, ಜೋಳಿಗೆ ಒಡ್ಡಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದ ವ್ಯಸನಮುಕ್ತ ದಿನ.

ಚಟ ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆ. ನರಗುಂದವಿರಲಿ, ರೋಣವಿರಲಿ, ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಲು ನಾಚಿಕೆ ಬೇಡ.