ಮೇಣದ ಜಾಕೆಟ್ಟಿಗೆ ವರ್ಷಕ್ಕೊಂದು ಅಭ್ಯಂಜನ

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಟೈನ್ ನದಿ ಉತ್ತರ ಸಮುದ್ರಕ್ಕೆ ಸೇರುವ ಕಡೆ ಸೌತ್ ಶೀಲ್ಡ್ಸ್ ಎಂಬ ಬಂದರು ಪಟ್ಟಣವಿದೆ. ವರ್ಷದ ಬಹುಪಾಲು ದಿನ ಅಲ್ಲಿ ಜಿಟಿಜಿಟಿ ಮಳೆ, ಇಲ್ಲವೇ ಕೊರೆಯುವ ಗಾಳಿ. ಸ್ಕಾಟ್ಲೆಂಡಿನಿಂದ ಬಂದ ಜಾನ್ ಬಾರ್ಬರ್ 1894ರಲ್ಲಿ ಇಲ್ಲಿ ವ್ಯಾಪಾರ ಶುರುಮಾಡಿ, ನಾವಿಕರಿಗೂ ಮೀನುಗಾರರಿಗೂ ಹಡಗುಕಟ್ಟೆಯ ಕೆಲಸಗಾರರಿಗೂ ಮಳೆಗೆ ಜಗ್ಗದ ಬಟ್ಟೆ ಮಾರತೊಡಗಿದರು. ಕಂಪನಿ ಇಂದಿಗೂ ಅದೇ ಮನೆತನದ್ದು. ಅದರ ಹೆಸರುವಾಸಿ ಮೇಣದ ಜಾಕೆಟ್ಟುಗಳನ್ನು ಇಂದಿಗೂ ಅದೇ ಊರಿನಲ್ಲಿ ಹೊಲಿಯುತ್ತಾರೆ. ಅಲ್ಲಿ ಹೊಸ ಜಾಕೆಟ್ ಹೊಲಿಯುವುದಷ್ಟೇ ಕೆಲಸವಲ್ಲ. ವರ್ಷವರ್ಷವೂ ಸಾವಿರಾರು ಹಳೆಯ ಜಾಕೆಟ್ಟುಗಳು ವಾಪಸು ಬರುತ್ತವೆ, ತೇಪೆ ಹಾಕಿಸಿಕೊಂಡು, ಮೇಣ ಬಳಿಸಿಕೊಂಡು ಯಜಮಾನರ ಬಳಿಗೆ ಹಿಂದಿರುಗುತ್ತವೆ. ಅಪ್ಪ ತೊಟ್ಟದ್ದನ್ನು ಮಗ ತೊಡುವುದು ಅಲ್ಲಿ ಬಡತನದ ಗುರುತಲ್ಲ, ಹೆಮ್ಮೆಯ ಮಾತು.

ಈ ಬಟ್ಟೆಯ ಮೂಲ ಹಾಯಿಹಡಗಿನಲ್ಲಿದೆ. ಒದ್ದೆಯಾದ ಹಾಯಿ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ನೀರು ಕುಡಿದು ಭಾರವಾಗುತ್ತದೆ. ಅದಕ್ಕೇ ನಾವಿಕರು ಹಾಯಿಗೆ ಎಣ್ಣೆ ಬಳಿದರು: ಮೊದಮೊದಲು ಮೀನಿನ ಎಣ್ಣೆ, ಆಮೇಲೆ ಅಗಸೆ ಎಣ್ಣೆ. ಹರಿದ ಹಾಯಿಯ ತುಂಡನ್ನೇ ಮೈಮೇಲೆ ಹೊದ್ದುಕೊಂಡರು. ಅಗಸೆ ಎಣ್ಣೆಗೆ ಎರಡು ದೋಷ. ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ, ಚಳಿಗೆ ಬಿರುಸಾಗಿ ಬಿರಿಯುತ್ತದೆ. ಯುರೋಪಿನ ಹಳೆಯ ಮೀನುಗಾರರ ಚಿತ್ರಗಳಲ್ಲಿ ಕಾಣುವ ಹಳದಿ ಕೋಟು ಈ ಎಣ್ಣೆಯ ಬಳುವಳಿ. 1930ರ ದಶಕದ ಹೊತ್ತಿಗೆ ಬ್ರಿಟನ್ನಿನ ಗಿರಣಿಗಳು ಎಣ್ಣೆ ಬಿಟ್ಟು ಪ್ಯಾರಾಫಿನ್ ಮೇಣಕ್ಕೆ ಬಂದವು. ಒತ್ತಾಗಿ ನೇಯ್ದ ಹತ್ತಿಯ ಎಳೆಎಳೆಗೂ ಮೇಣ ಇಳಿದಾಗ ಬಟ್ಟೆ ಬಾಗಿದರೂ ಬಿರಿಯಲಿಲ್ಲ, ನೀರೂ ಒಳಗಿಳಿಯಲಿಲ್ಲ.

ಮುಂದಿನದು ಫ್ಯಾಷನ್ನಿನ ಕಥೆ, ಬೇಗ ಮುಗಿಸುತ್ತೇನೆ. 1936ರಲ್ಲಿ ಬಾರ್ಬರ್ ಕಂಪನಿ ಮೋಟಾರ್‌ಸೈಕಲ್ ಸವಾರರಿಗೆಂದು ‘ಇಂಟರ್‌ನ್ಯಾಷನಲ್’ ಹೆಸರಿನ ಉಡುಪು ತಂದಿತು. 1964ರಲ್ಲಿ ಪೂರ್ವ ಜರ್ಮನಿಯಲ್ಲಿ ನಡೆದ ಆರು ದಿನಗಳ ಬೈಕ್ ಸ್ಪರ್ಧೆಗೆ ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಅದನ್ನು ತೊಟ್ಟು ಹೋದರು. 1980ರ ದಶಕದಲ್ಲಿ ಮಾರ್ಗರೆಟ್ ಬಾರ್ಬರ್ ರೂಪಿಸಿದ ಬಿಡೇಲ್, ಬೋಫರ್ಟ್ ಮಾದರಿಗಳು ಹೊಲಗದ್ದೆಯಿಂದ ಲಂಡನ್ನಿನ ಬೀದಿಗೆ ಬಂದವು. ರಾಣಿ ಎಲಿಜಬೆತ್ ಕೂಡ ಕುದುರೆ, ನಾಯಿಗಳ ನಡುವೆ ಇಂಥದ್ದನ್ನೇ ತೊಡುತ್ತಿದ್ದರು. ಮೀನುಗಾರನ ಅಂಗಿ ಅರಮನೆ ಸೇರಿದ್ದು ಹೀಗೆ. ಬೆಲೆಯೂ ಅದಕ್ಕೆ ತಕ್ಕಂತೆ ಏರಿತು ಅನ್ನಿ.

ಆದರೆ ಅರಮನೆಯ ಜಾಕೆಟ್ಟಾದರೂ ಮೇಣ ಸವೆಯದೆ ಇರುವುದಿಲ್ಲ. ಎಲ್ಲಿ ಸವೆದಿದೆ ಎಂದು ತಿಳಿಯಲು ಜಾಕೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಮೊಣಕೈ, ಭುಜ, ಜೇಬಿನ ಬಾಯಿ, ತೋಳಿನ ಅಂಚು, ಹೊಲಿಗೆಯ ಏಣು — ಈ ಜಾಗಗಳು ಮೊದಲು ಮಸುಕಾಗುತ್ತವೆ. ಬೇರೆಡೆ ಎಣ್ಣೆಗಪ್ಪು ಹೊಳಪಿದ್ದರೆ ಇಲ್ಲಿ ಒಣ ಹತ್ತಿಯ ಬೂದುಬಣ್ಣ. ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಮೇಣವಿದ್ದಲ್ಲಿ ಹನಿ ಕೆಸುವಿನೆಲೆಯ ಮೇಲಿದ್ದಂತೆ ಉರುಳಿಹೋಗುತ್ತದೆ, ಇಲ್ಲದಲ್ಲಿ ಕಪ್ಪಗೆ ಹರಡಿ ಒಳಗಿಳಿಯುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮೇಣ ಬಳಿದರೆ ಸಾಕು.

ಮೊದಲ ಕೆಲಸ ಶುದ್ಧಿ. ತಣ್ಣೀರು, ಸ್ಪಂಜು, ಅಷ್ಟೇ. ಬಿಸಿನೀರು, ಸೀಗೆಪುಡಿ ಎರಡೂ ಈ ಅಭ್ಯಂಜನಕ್ಕೆ ನಿಷಿದ್ಧ! ಬಿಸಿಗೆ ಮೇಣ ಕರಗುತ್ತದೆ, ಸೋಪು ಅದನ್ನು ಕಿತ್ತು ತೆಗೆಯುತ್ತದೆ. ವಾಷಿಂಗ್ ಮಷೀನಿಗೆ ಹಾಕಿದರಂತೂ ಜಾಕೆಟ್ಟಿನ ಕಥೆ ಮುಗಿದಂತೆಯೇ. ಮತ್ತೆ ಎಷ್ಟೇ ಮೇಣ ಬಳಿದರೂ ಮೊದಲಿನ ಹದ ಬರುವುದು ಕಷ್ಟ. ಒರೆಸಿದ ಮೇಲೆ ಪೂರ್ತಿ ಒಣಗಬೇಕು. ಎಳೆಯಲ್ಲಿ ತೇವ ಉಳಿದಿದ್ದರೆ ಮೇಣ ಇಳಿಯುವುದಿಲ್ಲ. ಹರಿದದ್ದು, ಬಿಚ್ಚಿದ್ದು ಏನಿದ್ದರೂ ಈಗಲೇ ಹೊಲಿಸಿಬಿಡಿ. ಮೇಣದ ಮೇಲೆ ಹೊಲಿಗೆ ಹಾಕಲು ಯಾವ ಟೈಲರೂ ಒಪ್ಪುವುದಿಲ್ಲ.

ಮೇಣದ ಡಬ್ಬಿಯನ್ನು ಎಂದೂ ನೇರ ಉರಿಯ ಮೇಲೆ ಇಡಬಾರದು, ಹೊತ್ತಿಕೊಂಡೀತು. ಪಾತ್ರೆಯಲ್ಲಿ ನೀರು ಕಾಯಿಸಿ, ಒಲೆ ಆರಿಸಿ, ಮುಚ್ಚಳ ತೆಗೆದ ಡಬ್ಬಿಯನ್ನು ಅದರಲ್ಲಿ ಕೂರಿಸಿದರೆ ತುಪ್ಪದಂಥ ಗಟ್ಟಿ ಮೇಣ ತಿಳಿಯಾದ ಎಣ್ಣೆಯಾಗುತ್ತದೆ. ಕಂಪನಿಯವರು ಮಾರುವ 200 ಮಿಲಿಲೀಟರಿನ ಡಬ್ಬಿ ಒಂದು ಜಾಕೆಟ್ಟಿಗೆ ಸರಿಹೋಗುತ್ತದೆ. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಬಟ್ಟೆಚೂರು ಅಥವಾ ಸ್ಪಂಜನ್ನು ಮೇಣದಲ್ಲಿ ಅದ್ದಿ, ಒಂದು ಸಲಕ್ಕೆ ಅಂಗೈಯಗಲ ಜಾಗವನ್ನಷ್ಟೇ ಹಿಡಿದು ತೀಡಬೇಕು. ಅವಸರ ಮಾಡಿದವರ ಜಾಕೆಟ್ಟಿನ ಮೇಲೆ ಬಿಳಿ ಪಟ್ಟೆಗಳು ಉಳಿಯುತ್ತವೆ. ಹೊಲಿಗೆಯ ಗೆರೆಗೆ ಎರಡು ಕೈ ಹೆಚ್ಚು ಬಳಿದರೂ ತಪ್ಪಿಲ್ಲ. ಸೂಜಿ ಹೋದ ತೂತಿನಿಂದಲೇ ನೀರು ಒಳಗೆ ಬರುವುದು. ಕಾಲರಿನ ಕಾರ್ಡುರಾಯ್, ಒಳಪದರ, ಜೇಬಿನ ಒಳಭಾಗ — ಇವಕ್ಕೆ ಮೇಣ ಸೋಕಬಾರದು.

ಇನ್ನು ಹೇರ್ ಡ್ರೈಯರ್. ಅದರ ಬಿಸಿಗಾಳಿ ತಾಗಿದ ಕೂಡಲೇ ಮೇಲೆ ಹೆಪ್ಪುಗಟ್ಟಿದ್ದ ಮೇಣ ಮಿನುಗಿ, ಮರುಗಳಿಗೆಯಲ್ಲೇ ಬಟ್ಟೆಯೊಳಗೆ ಮಾಯವಾಗುತ್ತದೆ. ಇಡೀ ಕೆಲಸದಲ್ಲಿ ನೋಡಬೇಕಾದ ನೋಟ ಇದೊಂದೇ. ಹೆಚ್ಚಾದದ್ದನ್ನು ಒಣ ಬಟ್ಟೆಯಿಂದ ಒರೆಸಿ, ಬೆಚ್ಚನೆಯ ಜಾಗದಲ್ಲಿ ರಾತ್ರಿಯಿಡೀ ತೂಗುಹಾಕಿ. ಬೇರೆ ಬಟ್ಟೆಗಳ ಪಕ್ಕದಲ್ಲಿ ಮಾತ್ರ ಬೇಡ. ಹೊಸದಾಗಿ ಮೇಣ ಬಳಿದ ಜಾಕೆಟ್ ತೊಟ್ಟು ಯಾರದೋ ಹೊಸ ಕಾರಿನ ಸೀಟಿಗೆ ಒರಗಿದರೆ ಸ್ನೇಹ ಕೆಡುವುದು ಖಂಡಿತ.

ಮನೆಯಲ್ಲೇ ಮೇಣ ತಯಾರಿಸುವವರೂ ಇದ್ದಾರೆ. ಬರೀ ಮೇಣದಬತ್ತಿ ಕರಗಿಸಿದರೆ ಬಟ್ಟೆ ರಟ್ಟಿನಂತಾಗಿ ಮಡಿಕೆಯಲ್ಲಿ ಬಿಳಿಚುತ್ತದೆ. ಜೇನುಮೇಣ ಬೆರೆಸಿದರೆ ಬಾಗುವ ಗುಣ ಬರುತ್ತದೆ, ಹೆಚ್ಚಾದರೆ ಅಂಟು. ಚೀಲಕ್ಕೆ, ಟಾರ್ಪಾಲಿಗೆ ಈ ಬೆರಕೆ ನಡೆದೀತು. ದುಬಾರಿ ಜಾಕೆಟ್ಟಿನ ಮೇಲೆ ಪ್ರಯೋಗ ಬೇಡವೆಂಬುದು ನನ್ನ ಮತ. ಅಗಸೆ ಎಣ್ಣೆ ಬಳಸುವವರಿಗೆ ಒಂದು ಎಚ್ಚರಿಕೆ: ಆ ಎಣ್ಣೆ ಹೀರಿದ ಬಟ್ಟೆಚೂರುಗಳನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಕಾವೇರಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಇದು ನಮ್ಮ ಕಡೆಗೆ ಒಗ್ಗುತ್ತದೆಯೇ? ಲಂಡನ್ನಿನಲ್ಲೋ ಎಡಿನ್‌ಬರೋದಲ್ಲೋ ನೆಲೆಸಿದ ಕನ್ನಡಿಗರು ಕಣ್ಣುಮುಚ್ಚಿ ಕೊಳ್ಳಬಹುದು. ಆಗುಂಬೆಯ ಆಷಾಢಕ್ಕೆ ಇದನ್ನು ನಂಬಿ ಹೊರಡಬೇಡಿ. ಇದು ತುಂತುರಿಗೆ, ಗಾಳಿಗೆ ಹುಟ್ಟಿದ ಬಟ್ಟೆ. ದಿನಗಟ್ಟಲೆ ಸುರಿಯುವ ಮಳೆಗೆ ಹೊಲಿಗೆಗಳು ಸೋಲುತ್ತವೆ, ಸೆಕೆಗೆ ಒಳಗೇ ಬೆವರುತ್ತದೆ, ಬೀರುವಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಅಲ್ಲಿಗೆ ಕಂಬಳಿಕೊಪ್ಪೆಯೇ ವಾಸಿ. ಬೆಂಗಳೂರು, ಮೈಸೂರಿನ ಚಳಿಗಾಲದ ಬೆಳಗಿನ ಬೈಕ್ ಸವಾರಿಗೆ ಮಾತ್ರ ಒಳ್ಳೆಯ ಸಂಗಾತಿ. ಈಗಾಗಲೇ ಕೊಂಡಿಟ್ಟಿದ್ದರೆ ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಮೇಣ ಬಳಿಯಿರಿ, ಹೇರ್ ಡ್ರೈಯರಿನ ಅರ್ಧ ಕೆಲಸ ಉಳಿಯುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡದೆ ಗಾಳಿಯಾಡುವ ಕಡೆ ನೇತುಹಾಕಿ.