ಕುರಿ ಕೊಂದವರು ಯಾರು?

ಬೆಳಗಾಗುತ್ತಲೇ ಹಟ್ಟಿಯಲ್ಲಿ ಮೂರು ಕುರಿಗಳು ಸತ್ತು ಬಿದ್ದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೊಂದವರು ಯಾರು? ಆದರೆ ಸುದ್ದಿ ಹಟ್ಟಿಯಿಂದ ಊರಿಗೆ, ಊರಿನಿಂದ ಪೇಟೆಗೆ ಬರುವಷ್ಟರಲ್ಲಿ ಪ್ರಶ್ನೆ ಮರೆಯಾಗಿ ತೀರ್ಪು ಮಾತ್ರ ಉಳಿದಿರುತ್ತದೆ. ಹೊಳಲ್ಕೆರೆಯ ತೋಟದ ಕಡೆಯದಾದರೆ ಚಿರತೆ. ಹಿರಿಯೂರಿನ ಬಯಲಿನದಾದರೆ ತೋಳ. ನೋಡಿದವರು ಯಾರೂ ಇಲ್ಲ. ಹೇಳುವವರು ಮಾತ್ರ ಬೇಕಾದಷ್ಟು ಜನ. ಪೇಟೆಯಲ್ಲಿ ಕುಳಿತು ಈ ಸುದ್ದಿ ಕೇಳುವ ನಿಮಗೂ ಇದರಲ್ಲಿ ಒಂದು ಪಾಲುಂಟು. ಅದನ್ನು ಮುಂದೆ ಹೇಳುತ್ತೇನೆ.

ಚಿತ್ರದುರ್ಗದ ಸೀಮೆ ಮಳೆ ಕಡಿಮೆಯಾದ ಸೀಮೆ. ಬೆಳೆ ಕೈಕೊಟ್ಟ ವರ್ಷ ಇಲ್ಲಿನ ಕುರುಬರ, ಗೊಲ್ಲರ ಮನೆ ನಡೆಯುವುದು ಕುರಿ ಮೇಕೆಗಳಿಂದ. ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ, ಮಕ್ಕಳ ಓದಿಗೆ ಮಾರುವುದು ಅವುಗಳನ್ನೇ. ನಾವು ಹೊದೆಯುವ ಕಂಬಳಿ ಅವುಗಳ ಉಣ್ಣೆ. ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡ ರೈತನಿಗೆ ಅವುಗಳ ಹಿಕ್ಕೆಯೇ ಗೊಬ್ಬರ. ಒಂದು ರಾತ್ರಿಯಲ್ಲಿ ಐದಾರು ಕುರಿ ಹೋದರೆ ಒಂದು ಸಂಸಾರದ ವರ್ಷದ ಲೆಕ್ಕವೇ ತಪ್ಪುತ್ತದೆ.

ಇದೇ ನೆಲ ಕಾಡುಮೃಗಗಳಿಗೂ ಮನೆ. ಚಿತ್ರದುರ್ಗದ ದಕ್ಷಿಣಕ್ಕೆ ಜೋಗಿಮಟ್ಟಿಯ ಬೆಟ್ಟಗಳಿವೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ, 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ ಇಕ್ಕೆಲಗಳಲ್ಲಿ ಗುಡ್ಡಗಳಿವೆ. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕುರುಚಲು ಕಾಡಿನ ಪಕ್ಕದಲ್ಲೇ ತೆಂಗು ಅಡಕೆಯ ತೋಟಗಳು. ಬಂಡೆಯ ಸಂದು, ತೋಟದ ನೆರಳು ಚಿರತೆಗೆ ಸೇರುತ್ತವೆ. ಬಯಲು, ಕುರುಚಲು ತೋಳಕ್ಕೆ ಸೇರುತ್ತವೆ.

ಹಾಗಾದರೆ ಕೊಂದವರನ್ನು ಗುರುತಿಸುವುದು ಹೇಗೆ? ಪ್ರತಿಯೊಂದು ಮೃಗವೂ ತನ್ನ ರುಜು ಹಾಕಿ ಹೋಗಿರುತ್ತದೆ.

ಚಿರತೆ ಬೆಕ್ಕಿನ ಜಾತಿ. ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಅದರ ಹೆಜ್ಜೆ ದುಂಡಗಿರುತ್ತದೆ, ಉಗುರಿನ ಗುರುತು ಕಾಣುವುದಿಲ್ಲ. ಹೆಚ್ಚಾಗಿ ಗಂಟಲನ್ನೇ ಹಿಡಿಯುತ್ತದೆ. ಅಲ್ಲಿ ಕೋರೆಹಲ್ಲಿನ ಆಳವಾದ ತೂತುಗಳನ್ನು ಕಾಣಬಹುದು. ಕೊಂದದ್ದನ್ನು ಪೊದೆಗೋ ಬಂಡೆಯ ಮರೆಗೋ ಎಳೆದೊಯ್ಯುತ್ತದೆ. ಮುಚ್ಚಿದ ಕೊಟ್ಟಿಗೆಯೊಳಗೆ ನುಗ್ಗಿದರೆ ಬೇಕಾದುದಕ್ಕಿಂತ ಹೆಚ್ಚು ಕುರಿಗಳನ್ನು ಕೊಲ್ಲುವುದೂ ಉಂಟು.

ತೋಳ ನಾಯಿಯ ಬಂಧು. ಹೆಜ್ಜೆ ಉದ್ದನೆಯದು, ಉಗುರಿನ ಗುರುತು ಸ್ಪಷ್ಟ. ಹಗಲಿನಲ್ಲೇ ಮೇಯುವ ಮಂದೆಯ ಅಂಚಿನಿಂದ ಒಂದು ಮರಿಯನ್ನು ಕಚ್ಚಿಕೊಂಡು ಓಡುವಷ್ಟು ಧೈರ್ಯ ಅದಕ್ಕುಂಟು. ಅದರ ಕೆಲಸ ಚುರುಕು: ಕೊಲ್ಲುವುದು ತಿನ್ನುವುದಕ್ಕೆ, ತಿಂದು ಹೊರಡುವುದು ಬೇಗ.

ಕತ್ತೆಕಿರುಬದ ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ದೊಡ್ಡದು. ಮೂಳೆಯನ್ನು ಪುಡಿಮಾಡಿ ತಿನ್ನುವುದರಿಂದ ಅದರ ಮಲ ಒಣಗಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಅದು ಬಹುಮಟ್ಟಿಗೆ ಸತ್ತದ್ದನ್ನು ತಿಂದು ಬದುಕುವ ಪ್ರಾಣಿ. ಗುಳ್ಳೆನರಿ ಎಳೆಯ ಮರಿಯನ್ನೋ ಕೋಳಿಯನ್ನೋ ಕದ್ದೀತು. ಬೆಳೆದ ಕುರಿ ಸಾಮಾನ್ಯವಾಗಿ ಅದರ ಶಕ್ತಿಗೆ ಮೀರಿದ್ದು.

ಇನ್ನು ಐದನೆಯದು, ಯಾರೂ ಹೆಸರು ಹೇಳದ ಕಳ್ಳ: ನಾಯಿ. ಒಡೆಯನಿಲ್ಲದ ನಾಯಿಗಳು ಗುಂಪು ಕಟ್ಟಿ ಮಂದೆಯ ಮೇಲೆ ಬಿದ್ದರೆ ನೋಟವೇ ಬೇರೆ. ಹಿಂಗಾಲು, ತೊಡೆ, ಕಿವಿ, ಪಕ್ಕೆಗಳು ಕಂಡಕಂಡಲ್ಲಿ ಹರಿದಿರುತ್ತವೆ. ಹಲವು ಕುರಿಗಳಿಗೆ ಗಾಯ, ಕೆಲವು ಸಾವು, ತಿಂದದ್ದು ಅಷ್ಟಕ್ಕಷ್ಟೆ. ತೋಳದ ಹೆಜ್ಜೆಗೂ ದೊಡ್ಡ ನಾಯಿಯ ಹೆಜ್ಜೆಗೂ ವ್ಯತ್ಯಾಸ ಸೂಕ್ಷ್ಮವಾದುದರಿಂದ ನಾಯಿ ಮಾಡಿದ ಪಾಪ ಸುಲಭವಾಗಿ ತೋಳದ ತಲೆಗೆ ಬರುತ್ತದೆ.

ಮತ್ತೊಂದು ಪರೀಕ್ಷೆ ಉಂಟು. ಗಾಯದ ಸುತ್ತ ಚರ್ಮ ಬಿಡಿಸಿದಾಗ ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಕುರಿ ಬದುಕಿದ್ದಾಗಲೇ ಕಚ್ಚಿಸಿಕೊಂಡಿದೆ ಎಂದರ್ಥ. ರಕ್ತವೇ ಇಲ್ಲದಿದ್ದರೆ ಅದು ರೋಗದಿಂದಲೋ ಬೇರಾವ ಕಾರಣದಿಂದಲೋ ಮೊದಲೇ ಸತ್ತಿದ್ದು, ಆಮೇಲೆ ಯಾವುದೋ ಪ್ರಾಣಿ ತಿಂದಿದೆ. ಕರುಳುಬೇನೆಯಿಂದ ಸತ್ತ ಕುರಿಗೆ ತೋಳವನ್ನು ದೂರಿದರೆ ರೋಗ ಮಂದೆಯಲ್ಲೇ ಉಳಿಯುತ್ತದೆ. ಈ ಪರೀಕ್ಷೆಯನ್ನು ಪಶುವೈದ್ಯರೇ ಮಾಡಬೇಕು.

ಇಷ್ಟೆಲ್ಲ ವಿಚಾರಣೆ ಏತಕ್ಕೆ ಎನ್ನುವಿರಾ? "ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು" ಎಂಬ ಗಾದೆ ನಮ್ಮಲ್ಲಿದೆ. ಕಲ್ಲೆಸೆಯುವುದು ಸರ್ಕಾರದ ನೀತಿಯೇ ಆಗಿದ್ದ ಕಾಲವೂ ಇತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಅಂದಾಜಿನಂತೆ 1875ರಿಂದ 1925ರವರೆಗೆ ಬ್ರಿಟಿಷ್ ಇಂಡಿಯಾದಲ್ಲಿ ಬಹುಮಾನದ ಆಸೆಗೆ ಕೊಂದ ತೋಳಗಳು ಸುಮಾರು 2 ಲಕ್ಷ. ಹೀಗೆ ಅಪರೂಪವಾದ ತೋಳದ ಸಲುವಾಗಿಯೇ 1974ರಲ್ಲಿ ನಮ್ಮ ಮೇಲುಕೋಟೆಯಲ್ಲಿ ವನ್ಯಧಾಮ ಮಾಡಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ತೋಳ, ಚಿರತೆಗಳನ್ನು ಕೊಲ್ಲುವುದು ಅಪರಾಧ. ಸತ್ತ ಕುರಿಗೆ ವಿಷ ಹಾಕಿಟ್ಟರೆ ಕೊಂದ ಮೃಗವೇ ಬಂದು ತಿನ್ನುವುದೆಂಬ ನಂಬಿಕೆಯಿಲ್ಲ; ಕತ್ತೆಕಿರುಬ, ಹದ್ದು, ಕಾವಲಿನ ನಾಯಿ ಯಾವುದು ಬೇಕಾದರೂ ಸತ್ತೀತು.

ಕುರಿಗಾರನ ಹಿತದೃಷ್ಟಿಯಿಂದಲೂ ನೋಡಿ. ಕಾಡುಮೃಗ ಕೊಂದ ಜಾನುವಾರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅದಕ್ಕೆ ಕುರುಹು ಬೇಕು. ಆದ್ದರಿಂದ ಸತ್ತ ಕುರಿಯನ್ನು ಅಲ್ಲಿಂದ ಕದಲಿಸಬಾರದು. ಹೆಜ್ಜೆಯ ಮೇಲೆ ಬುಟ್ಟಿ ಕವಿಚಿ, ಗಾಯದ ಚಿತ್ರ ತೆಗೆದುಕೊಂಡು, ಕೂಡಲೇ ಅರಣ್ಯ ಸಿಬ್ಬಂದಿಗೂ ಪಶುವೈದ್ಯರಿಗೂ ತಿಳಿಸಬೇಕು. ನೆರೆದ ಜನ ಹೆಜ್ಜೆ ತುಳಿದರೆ ಪರಿಹಾರವನ್ನೂ ತುಳಿದಂತೆ.

ಕಾವಲೂ ಕಳ್ಳನಿಗೆ ತಕ್ಕಂತಿರಬೇಕು. ತೋಳ, ನಾಯಿಗಳಿಗೆ ಎತ್ತರದ ಜಾಲಿಮುಳ್ಳಿನ ಬೇಲಿ, ಬಿಗಿಯಾದ ಬಲೆ, ಎಚ್ಚರವಾಗಿ ಮಲಗುವ ಕಾವಲುಗಾರ ಸಾಕು. ಚಿರತೆಗೆ ಬೇಲಿಯೊಂದೇ ಸಾಲದು. ಹಾರಿ ಬರುವ ಪ್ರಾಣಿಗೆ ಮೇಲೂ ಮುಚ್ಚಿಗೆ ಬೇಕು, ಬಾಗಿಲು ಭದ್ರವಾಗಿರಬೇಕು. ಮರಿಗಳನ್ನು ಹಿಂದೆ ಬಿಟ್ಟು ಮಂದೆ ನಡೆಸಬಾರದು. ಕಾವಲುನಾಯಿಯ ಕೊರಳಿಗೆ ಮೊಳೆಯ ಪಟ್ಟಿ ಕಟ್ಟಿದರೆ ಚಿರತೆ, ತೋಳಗಳ ಹಿಡಿತದಿಂದ ಅದು ಉಳಿಯಲು ಸಹಾಯ. ಸತ್ತ ಕುರಿಯನ್ನು ಪರೀಕ್ಷೆಯಾದ ಮೇಲೆ ಆಳವಾಗಿ ಹೂಳಬೇಕು. ಕಚ್ಚಿಸಿಕೊಂಡು ಬದುಕಿದ ಕುರಿಯ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಪಶುವೈದ್ಯರಿಗೆ ತೋರಿಸಬೇಕು; ಹುಚ್ಚುನಾಯಿ ರೋಗ ಕುರಿಗೂ ಬರುತ್ತದೆ. ತೊಳೆಯುವಾಗ ಬರಿಗೈ ಬೇಡ.

ಈಗ ನಿಮ್ಮ ಪಾಲಿನ ಮಾತು. ಪೇಟೆಯ ಹೊರಗೆ ಸುರಿದ ಕೋಳಿಯ ಪುಕ್ಕ, ಮಾಂಸದಂಗಡಿಯ ಕಸ, ಮದುವೆ ಛತ್ರದ ಎಂಜಲು, ಇವು ನಾಯಿಗಳನ್ನು ಸಾಕುತ್ತವೆ. ನಮಗೆ ಬೇಡವಾದ ಮರಿಗಳನ್ನು ಊರಾಚೆ ಬಿಟ್ಟು ಬರುವುದೂ ನಾವೇ. ಆ ಗುಂಪು ಬೆಳೆದು ಒಂದು ರಾತ್ರಿ ಹಟ್ಟಿಯ ಕಡೆ ನಡೆಯುತ್ತದೆ. ನಷ್ಟ ಕುರಿಗಾರನಿಗೆ, ಅಪವಾದ ತೋಳಕ್ಕೆ. ಅದೂ ಕಾಡುಮೃಗದ ಕೊಲೆಯಲ್ಲವಾದುದರಿಂದ ಅರಣ್ಯ ಇಲಾಖೆಯ ಪರಿಹಾರವೂ ಅವನಿಗೆ ದಕ್ಕುವುದಿಲ್ಲ.

ಆದಕಾರಣ ಮನೆಯ ನಾಯಿಗೆ ಲಸಿಕೆ ಹಾಕಿಸಿ, ಸಂತಾನಹರಣ ಚಿಕಿತ್ಸೆ ಮಾಡಿಸಿ, ರಾತ್ರಿ ಕಟ್ಟಿಹಾಕಿ. ಕಸವನ್ನು ಬಯಲಿಗೆಸೆಯದೆ ಪುರಸಭೆಯ ಗಾಡಿಗೆ ಹಾಕಿ. ಗಾಡಿ ಬಾರದಿದ್ದರೆ ಹೋಗಿ ಕೇಳಿ. ಮುಂದಿನ ಸಲ "ಚಿರತೆ ಬಂತಂತೆ" ಎಂಬ ಸುದ್ದಿ ನಿಮ್ಮ ಬೀದಿಗೆ ಬಂದಾಗ, ಅದನ್ನು ಪಕ್ಕದ ಮನೆಗೆ ದಾಟಿಸುವ ಮುನ್ನ ಒಂದು ಮಾತು ಕೇಳಿ: ಹೆಜ್ಜೆ ನೋಡಿದವರು ಯಾರು?