ಕರಾಟೆ ಉಡುಪು ಮನೆಯಲ್ಲೇ ಹೊಲಿಯಬಹುದು

1922ರಲ್ಲಿ ಗಿಚಿನ್ ಫುನಕೋಶಿ ಅವರು ಟೋಕಿಯೊದ ಕೊಡೊಕಾನ್ ಜೂಡೊ ಶಾಲೆಯಲ್ಲಿ ಕರಾಟೆ ಪ್ರದರ್ಶಿಸಬೇಕಿತ್ತು. ಅವರ ಊರಾದ ಒಕಿನಾವಾದಲ್ಲಿ ಈ ವಿದ್ಯೆಗೆಂದೇ ಗೊತ್ತುಮಾಡಿದ ಉಡುಪಿರಲಿಲ್ಲ. ಟೋಕಿಯೊದ ಕಾಂಡಾ ಪೇಟೆಯಿಂದ ಬಿಳಿ ಬಟ್ಟೆ ತಂದು, ಜೂಡೊ ಅಂಗಿಯ ಮಾದರಿಯಲ್ಲಿ ಫುನಕೋಶಿ ಅದನ್ನು ತಾವೇ ಹೊಲಿದರು ಎಂದು, ಜೊತೆಯಲ್ಲಿ ಪ್ರದರ್ಶನ ನೀಡಿದ ಗೀಮಾ ಶಿನ್‌ಕಿನ್ ಹೇಳಿಕೊಂಡಿದ್ದಾರೆ. ಇಂದು ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ ‘ಗಿ’ ಉಡುಪಿನ ಹಿಂದೆ ಇಂಥದ್ದೊಂದು ಕೈಹೊಲಿಗೆಯಿದೆ.

ಹರಳು ಉಜ್ಜುವ ಕಸುಬಿಗೆ ಹೆಸರಾದ ಗೌರಿಬಿದನೂರು ತಾಲ್ಲೂಕಿನ ಅಲೀಪುರವಿರಲಿ, ಅದೇ ಜಿಲ್ಲೆಯ ಶಿಡ್ಲಘಟ್ಟ, ಚಿಂತಾಮಣಿಗಳಿರಲಿ, ಕುರ್ತಾ-ಪೈಜಾಮ ಹೊಲಿಯಬಲ್ಲ ಯಾರಿಗೂ ಇದು ಕಷ್ಟವಲ್ಲ. ಗುಂಡಿ, ಕಾಜಾ, ಜಿಪ್ಪಿನ ಗೋಜಿಲ್ಲ. ಮೈಗೆ ನೇರವಾದ ಅಗಲ ಪಟ್ಟಿಗಳು, ಪ್ಯಾಂಟಿಗೆ ಲಾಡಿ. ಕಾಲೆತ್ತಿ ಒದೆಯುವಾಗ ಹರಿಯದಂತೆ ತೊಡೆಸಂದಿಗೆ ಒಂದು ಚೌಕದ ತುಂಡು ಕೂಡಿಸಬೇಕು. ಹಳೆಯ ಕ್ರಮದ ಪೈಜಾಮ ಹೊಲಿದವರಿಗೆ ಅದು ಹೊಸತೇನಲ್ಲ.

ಬಟ್ಟೆ ಅಪ್ಪಟ ಹತ್ತಿಯ ಡ್ರಿಲ್ ಆದರೆ ಒಳ್ಳೆಯದು. ಕತ್ತರಿ ಹಾಕುವ ಮುನ್ನ ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಲೇಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ತೋಳು ಗಿಡ್ಡವಾಗುತ್ತದೆ. ನಿಜವಾದ ಶ್ರಮವಿರುವುದು ಕೊರಳಪಟ್ಟಿಯಲ್ಲಿ. ಎದುರಾಳಿಯ ಹಿಡಿತ, ಎಳೆತವನ್ನೆಲ್ಲ ತಡೆಯಬೇಕಾದ್ದು ಅದೇ. ಬಟ್ಟೆಯನ್ನು ಹಲವು ಪದರ ಮಡಚಿ, ಉದ್ದಕ್ಕೂ ಸಾಲುಸಾಲಾಗಿ ಹೊಲಿಗೆ ಓಡಿಸಬೇಕು. ಮನೆಯ ಮಿಷಿನ್ನಿಗೆ 16ನೇ ನಂಬರಿನ ಸೂಜಿ ಹಾಕಿ, ದಪ್ಪವಿರುವಲ್ಲಿ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿದರೆ ಸೂಜಿ ಮುರಿಯುವುದಿಲ್ಲ.

ಅಳತೆಗೂ ನಿಯಮವುಂಟು. ವಿಶ್ವ ಕರಾಟೆ ಒಕ್ಕೂಟದ ಪ್ರಕಾರ ತೋಳು ಮಣಿಕಟ್ಟು ದಾಟಬಾರದು, ಮುಂಗೈಯ ಅರ್ಧಕ್ಕಿಂತ ಮೇಲಿರಲೂಬಾರದು, ಮಡಚಿಕೊಳ್ಳುವಂತೆಯೂ ಇಲ್ಲ. ಪ್ಯಾಂಟು ಮೊಣಕಾಲಿನ ಕೆಳಗಿನ ಮೂರರಲ್ಲಿ ಎರಡು ಪಾಲನ್ನಾದರೂ ಮುಚ್ಚಬೇಕು. ಬೆಳೆಯುವ ಮಕ್ಕಳಿಗೆ ಅಂಚನ್ನು ಒಳಕ್ಕೆ ಎರಡು ಅಂಗುಲ ಮಡಚಿ ಹೊಲಿದಿಟ್ಟರೆ ಮುಂದಿನ ವರ್ಷ ಬಿಚ್ಚಿ ಇಳಿಸಬಹುದು. ಸಿದ್ಧ ಉಡುಪಿನಲ್ಲಿ ಈ ಅನುಕೂಲ ಕಡಿಮೆ.

ಅಂಗಿಯ ಪಕ್ಕದ ಲಾಡಿಗಳನ್ನು ಕೂಡಿಸುವಾಗ ಮಾತ್ರ ಎಚ್ಚರ ಬೇಕು. ಹೆಣ್ಣಿರಲಿ, ಗಂಡಿರಲಿ, ಅಂಗಿಯ ಎಡಭಾಗವೇ ಮೇಲೆ ಬರಬೇಕು. ಬಲಭಾಗ ಮೇಲೆ ಬರುವಂತೆ ಉಡಿಸುವುದು ಜಪಾನಿನಲ್ಲಿ ಶವಕ್ಕೆ.

ಐಕಿಡೊ, ಕೆಂಡೊ ಪಟುಗಳು ತೊಡುವ ‘ಹಕಾಮ’ ಎಂಬ ಅಗಲ ನೆರಿಗೆಯುಡುಪಿನದ್ದು ಬೇರೆಯೇ ಲೆಕ್ಕ: ಮುಂದೆ ಐದು, ಹಿಂದೆ ಎರಡು ನೆರಿಗೆ. ಕೈ ಪಳಗಿದ ಮೇಲೆ ಅದಕ್ಕೆ ಹೋಗಬಹುದು.

ದೊಡ್ಡ ಅಂತಾರಾಷ್ಟ್ರೀಯ ಸ್ಪರ್ಧೆಗಳಿಗೆ ಮಾನ್ಯತೆ ಪಡೆದ ತಯಾರಕರ ಉಡುಪೇ ಬೇಕು. ದಿನದ ಅಭ್ಯಾಸಕ್ಕೆ ಮನೆಯದು ಧಾರಾಳವಾಗಿ ಸಾಕು. ಆದರೂ ಬಟ್ಟೆ ಕೊಳ್ಳುವ ಮುನ್ನ ಕಲಿಸುವ ಗುರುಗಳನ್ನು ಒಮ್ಮೆ ಕೇಳಿ. ಮೊದಲು ಪ್ಯಾಂಟನ್ನೇ ಹೊಲಿದು ನೋಡಿ.